ಗೋಡೆಯ ಹಿಂದಿನ ನೀರು

ಮೇಸ್ತ್ರಿಗೆ ಬೆಟ್ಟ ಹತ್ತುವ ಮನಸ್ಸೇ ಇರಲಿಲ್ಲ.

"ಮನೇಲೇ ನಾವಿಬ್ರೂ ಮಾತಾಡೋದು ಅಷ್ಟಕ್ಕಷ್ಟೆ. ನಾಲ್ಕು ದಿನ ಬಾಯಿ ಮುಚ್ಕೊಂಡು ಕೂರೋದಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು ಹೆಂಡತಿಯನ್ನು ಕೇಳಿದ್ದ.

ಅವಳು ಅವನ ಸ್ವೆಟರನ್ನು ಸೂಟ್‌ಕೇಸಿನೊಳಗೆ ತುರುಕುತ್ತಿದ್ದಳು. ತಲೆಯೆತ್ತದೆ, "ಇಲ್ಲಿ ನೀವು ಸುಮ್ನಿರೋದು ಬೇರೆ, ಅಲ್ಲಿ ಸುಮ್ನಿರೋದು ಬೇರೆ," ಎಂದಳು. ಸೂಟ್‌ಕೇಸಿನ ಮೇಲೆ ಮಂಡಿಯೂರಿ ಕೂತು ಬೀಗ ಒತ್ತಿದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಮೇಸ್ತ್ರಿ ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು. ನೆಲದಡಿಯ ಪೈಪು ಎಲ್ಲಿ ಒಡೆದಿದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಬೆಳಗಿನ ಜಾವ, ಗಾಡಿಗಳ ಓಡಾಟ ಶುರುವಾಗುವ ಮೊದಲು, ಎದೆಯೆತ್ತರದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೆ ಊರಿ ಇನ್ನೊಂದು ತುದಿಗೆ ಕಿವಿ ಹಚ್ಚುತ್ತಿದ್ದ. ಒಳ್ಳೆಯ ಪೈಪಿನಲ್ಲಿ ನೀರು ಮಾತಿಲ್ಲದೆ ಹೋಗುತ್ತದೆ, ಒಡೆದ ಪೈಪಿನ ನೀರು ಪಿಸುಗುಟ್ಟುತ್ತದೆ. ಆ ಪಿಸುಮಾತು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹತ್ತಾರು ಕಡೆ ಕೇಳಿಸಿಕೊಂಡು, ಸುಣ್ಣದಲ್ಲಿ ಒಂದು ಸೊನ್ನೆ ಬರೆದು, "ಇಲ್ಲಿ ಅಗೀರಿ" ಎನ್ನುತ್ತಿದ್ದ. ಅಗೆದರೆ ಅಲ್ಲೇ ಇರುತ್ತಿತ್ತು. ಇದರಿಂದಾಗಿ ಕಚೇರಿಯಲ್ಲಿ ಅವನಿಗೆ ಕಿವಿಮೇಸ್ತ್ರಿ ಎಂದೇ ಹೆಸರು.

ಎರಡು ವರ್ಷದ ಹಿಂದೆ ಆ ಹೆಸರೇ ಮುಳುವಾಯಿತು. ಪೇಟೆಬೀದಿಯಲ್ಲಿ, ಒಂದು ಚಪ್ಪಲಿ ಅಂಗಡಿಯ ಮುಂದೆ, ಅವನು ಸುಣ್ಣದ ಸೊನ್ನೆ ಬರೆದ. ಮೂರು ದಿನ ಅಗೆದರು. ಆಳೆತ್ತರದ ಗುಂಡಿ ಬಿತ್ತು, ಅಂಗಡಿಗಳು ಬಾಗಿಲು ಹಾಕಿದವು, ಒಂದು ಹನಿ ನೀರೂ ಸಿಗಲಿಲ್ಲ. ಎಂಜಿನಿಯರು ಎಲ್ಲರ ಎದುರಿಗೇ, "ಮೇಸ್ತ್ರಿ, ನಿಮಗಿಂತ ಮೊದಲು ನಿಮ್ಮ ಕಿವಿ ರಿಟೈರಾಗಿದೆ," ಎಂದು ನಕ್ಕ. ಅಂಗಡಿಯವರೂ ನಕ್ಕರು. ಆಮೇಲೆ ಕಚೇರಿಗೆ ಒಂದು ಯಂತ್ರ ಬಂತು, ಮೇಸ್ತ್ರಿ ಸ್ಟೋರ್ ರೂಮಿನಲ್ಲಿ ನಟ್ಟು ಬೋಲ್ಟು ನೋಡಿಕೊಳ್ಳುತ್ತ ಕೂತ.

ಎಂಜಿನಿಯರು ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು ಎಂಬುದನ್ನು ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಅವನ ಬಲಗಿವಿಯಲ್ಲಿ ಸದಾ ಒಂದು ಸದ್ದು ಸೇರಿಕೊಂಡಿತ್ತು. ದೂರದಲ್ಲಿ ಯಾರೋ ನಲ್ಲಿ ತಿರುಗಿಸಿ ಬಿಟ್ಟು ಮರೆತ ಹಾಗೆ, ಸಣ್ಣಗೆ, ನಿಲ್ಲದೆ. ಯಾವುದು ಹೊರಗಿನ ಸದ್ದು, ಯಾವುದು ತನ್ನ ತಲೆಯೊಳಗಿನದು ಎಂದು ಗೊತ್ತಾಗದ ಮೇಲೆ ಅವನು ಯಾವುದಕ್ಕೂ ಕಿವಿಗೊಡುವುದನ್ನು ಬಿಟ್ಟ. ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟದ ಮೇಜಿನ ಪ್ರಾರ್ಥನೆಯನ್ನು ಹೆಂಡತಿಯೊಬ್ಬಳೇ ಹೇಳತೊಡಗಿದಳು. ಭಾನುವಾರ ಚರ್ಚಿನ ಸಭೆಗೆ ಹೋಗುತ್ತಿದ್ದ, ಕ್ಷೌರದಂಗಡಿಗೆ ಹೋದಂತೆ. ಸರದಿ ಬರುವವರೆಗೆ ಕೂರುವುದು, ಎದ್ದು ಬರುವುದು.

ಹೆಂಡತಿ ಪ್ರೈಮರಿ ಶಾಲೆಯ ಟೀಚರು. ಬೆಟ್ಟದ ಮೇಲಿನ ಧ್ಯಾನಮನೆಗೆ ಅವಳು ಹಿಂದೆ ಮೂರು ಸಲ ಹೋಗಿ ಬಂದಿದ್ದಳು. ಪ್ರತಿಸಲವೂ ಜ್ವರ ಬಿಟ್ಟವಳ ಹಾಗೆ ಹಗುರಾಗಿ ಬಂದಿದ್ದಳು. "ಒಂದ್ಸಲ ಅಲ್ಲಿನ ದೊಡ್ಡಮ್ಮನ್ನ ನೋಡಿ. ಏನೂ ಹೇಳೋದಿಲ್ಲ ಅವರು. ಸುಮ್ನೆ ನೋಡಿ," ಎಂದು ವರ್ಷದಿಂದ ದುಂಬಾಲು ಬಿದ್ದಿದ್ದಳು.

ಗುರುವಾರ ಮಧ್ಯಾಹ್ನ ವ್ಯಾನು ಅವರನ್ನು ಮೇಲೆ ತಲುಪಿಸಿತು. ಹಿಂದಿನ ಮೂರು ವಾರ ಬಿಡದೆ ಮಳೆ ಹೊಡೆದಿತ್ತಂತೆ. ಅಂದು ಮಾತ್ರ ಬೆಟ್ಟದ ಮೇಲೆ ತೊಳೆದಿಟ್ಟಂಥ ಬಿಸಿಲು. "ನಮಗೋಸ್ಕರಾನೇ ಆಕಾಶ ತೆರೆದಿದೆ," ಎಂದು ವ್ಯಾನಿನಲ್ಲಿದ್ದ ದಂತವೈದ್ಯ ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ವರ್ಷ ತಪ್ಪದೆ ಬರುವವನು. ಯಾವ ಕೋಣೆಯ ಮಂಚ ಕಿರುಗುಟ್ಟುತ್ತದೆ, ಯಾವ ಕಿಟಕಿಯಿಂದ ಸೂರ್ಯೋದಯ ಕಾಣುತ್ತದೆ ಎಲ್ಲ ಅವನಿಗೆ ಬಾಯಿಪಾಠ.

ಧ್ಯಾನಮನೆ ಹಿಂದೆ ಎದೆರೋಗದವರ ಆಸ್ಪತ್ರೆಯಾಗಿತ್ತು. ಗಾಳಿ ಬರಲೆಂದು ಕಟ್ಟಿದ ಉದ್ದನೆಯ ಕಿಟಕಿಗಳು, ಸ್ಟ್ರೆಚರ್ ತಿರುಗುವಷ್ಟು ಅಗಲದ ಬಾಗಿಲುಗಳು, ಬಿಳಿ ಟೈಲ್ಸಿನ ಗೋಡೆಗಳು ಇನ್ನೂ ಹಾಗೇ ಇದ್ದವು. ಗೇಟಿನ ಪಕ್ಕದಲ್ಲಿ ಬಂಡೆಯ ಮೇಲೆ ಕಟ್ಟಿದ ಕಚೇರಿ ಮತ್ತು ಮೂರು ಕೋಣೆ. ಅಂಗಳ ದಾಟಿದರೆ ಮಲಗುವ ಕೋಣೆಗಳ ಸಾಲು. ಎಲ್ಲಕ್ಕೂ ಹಿಂದೆ, ಗುಡ್ಡವನ್ನು ಕಡಿದು ಮಾಡಿದ ಜಾಗದಲ್ಲಿ, ಪ್ರಾರ್ಥನಾ ಸಭಾಂಗಣ. ಅದರ ಹಿಂದಿನ ಗೋಡೆ ಬರೀ ಗೋಡೆಯಲ್ಲ, ಇಡೀ ಗುಡ್ಡವನ್ನು ಬೆನ್ನು ಕೊಟ್ಟು ತಡೆದು ನಿಂತ ಎರಡಾಳೆತ್ತರದ ಕಲ್ಲಿನ ತಡೆಗೋಡೆ. ಅದು ಸಭಾಂಗಣದ ಎರಡೂ ಪಕ್ಕಕ್ಕೆ ಚಾಚಿಕೊಂಡಿತ್ತು. ಗುಡ್ಡದ ನೀರು ಹೊರಬರಲೆಂದು ಆ ಚಾಚಿದ ಭಾಗಗಳಲ್ಲಿ ಸಾಲಾಗಿ ಮಣ್ಣಿನ ಕೊಳವೆಗಳನ್ನು ಕೂರಿಸಿದ್ದರು.

ದೊಡ್ಡಮ್ಮ ಗೇಟಿನಲ್ಲೇ ನಿಂತು ಬಂದವರನ್ನೆಲ್ಲ ಕೈಹಿಡಿದು ಇಳಿಸಿಕೊಂಡರು. ಎಪ್ಪತ್ತು ದಾಟಿದ ಸಣಕಲು ಹೆಂಗಸು. ಹರೆಯದಲ್ಲಿ ಅದೇ ಆಸ್ಪತ್ರೆಯ ನರ್ಸಾಗಿದ್ದವರು, ಆಸ್ಪತ್ರೆ ಮುಚ್ಚಿದ ಮೇಲೂ ಅಲ್ಲೇ ಉಳಿದು ಅದನ್ನು ಧ್ಯಾನಮನೆ ಮಾಡಿದ್ದರು. ಮೇಸ್ತ್ರಿಯ ಕೈ ಹಿಡಿದಾಗ ನಾಡಿ ನೋಡುವವರ ಹಾಗೆ ಒಂದು ಕ್ಷಣ ಹೆಚ್ಚು ಹೊತ್ತು ಹಿಡಿದುಕೊಂಡರು.

"ನೀವೇನಾ ಟೀಚರಮ್ಮನ ಯಜಮಾನ್ರು? ಏನು ಕೆಲಸ ನಿಮ್ದು?"

"ಸ್ಟೋರ್ ರೂಮಲ್ಲಿ ಕೂತಿರ್ತೀನಿ," ಎಂದ ಮೇಸ್ತ್ರಿ.

ಸಂಜೆ ಐದಕ್ಕೆ ಗಂಟೆ ಹೊಡೆಯಿತು. ಎಲ್ಲರೂ ಫೋನುಗಳನ್ನು ಒಂದು ಬುಟ್ಟಿಗೆ ಹಾಕಿದರು. ಭಾನುವಾರ ಮಧ್ಯಾಹ್ನದವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ, ಸನ್ನೆಯೂ ಕೂಡದು, ಕಣ್ಣಿನಲ್ಲೂ ಮಾತಾಡಬಾರದು ಎಂದರು ದೊಡ್ಡಮ್ಮ. "ನೀವು ಸುಮ್ಮನಾದ್ರೆ ಯಾರು ಮಾತಾಡ್ತಾರೆ ಅಂತ ಕೇಳಿಸ್ಕೊಳ್ಳಿ, ಅಷ್ಟೆ." ಇಪ್ಪತ್ತೆರಡು ಮಂದಿ ಸಭಾಂಗಣದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಜನರ ನಡುವೆ ಸಿಕ್ಕಿಹಾಕಿಕೊಳ್ಳುವುದು ಬೇಡವೆಂದು ಮೇಸ್ತ್ರಿ ಕಟ್ಟಕಡೆಯ ಸಾಲಿಗೆ ಹೋದ. ಬೆನ್ನು ಗೋಡೆಗೆ ತಾಗಿತು. ತಲೆಯನ್ನೂ ಒರಗಿಸಿದ.

ಆಗ ಕೇಳಿಸಿತು.

ಮೊದಲು ತನ್ನ ಕಿವಿಯದ್ದೇ ಸದ್ದೆಂದುಕೊಂಡ. ತಲೆಯನ್ನು ಗೋಡೆಯಿಂದ ಸರಿಸಿದ. ಸದ್ದು ತುಸು ಕಡಿಮೆಯಾಯಿತೇ, ಅಥವಾ ಹಾಗೆನ್ನಿಸಿತೇ? ಮತ್ತೆ ಒರಗಿದ. ಗೋಡೆಯ ಹಿಂದೆ, ಬಹಳ ಒಳಗೆ, ನೀರು ಹೋಗುತ್ತಿತ್ತು. ಪಿಸುಗುಡುವ ನೀರಲ್ಲ. ಅದಕ್ಕಿಂತ ದಪ್ಪ ಸದ್ದು, ಗಂಟಲಲ್ಲಿ ಏನೋ ಸಿಕ್ಕಿಕೊಂಡವನು ನುಂಗುವ ಹಾಗೆ. ನಡುನಡುವೆ ಒಂದೊಂದು ಕಲ್ಲು ಮಗುಚಿಕೊಳ್ಳುವ ಟಕ್ಕೆಂಬ ಸದ್ದು. ಸುತ್ತ ಇಪ್ಪತ್ತೊಂದು ಜನ ಕಣ್ಣುಮುಚ್ಚಿ ಕೂತಿದ್ದರು. ಹೆಂಡತಿಯ ಮುಖ ನಿದ್ದೆ ಹೋದ ಮಗುವಿನ ಮುಖದಂತೆ ಸಡಿಲವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥ ಸದ್ದನ್ನು ಅವನು ಒಂದೇ ಸಲ ಕೇಳಿದ್ದ. ಅಂದು ಸಂಜೆಯೊಳಗೆ ರಸ್ತೆ ಕುಸಿದು ಒಂದು ಲಾರಿಯನ್ನು ನುಂಗಿತ್ತು.

ಹೇಳಬೇಕಿತ್ತು. ಎದ್ದು ನಿಂತು, "ಎಲ್ಲರೂ ಹೊರಗೆ ಬನ್ನಿ," ಎನ್ನಬೇಕಿತ್ತು. ಆದರೆ ನಾಲಿಗೆಯ ಮೇಲೆ ಪೇಟೆಬೀದಿಯ ಆ ಒಣಗುಂಡಿ ಕೂತಿತ್ತು. ಮೌನ ಶುರುವಾಗಿ ಹತ್ತು ನಿಮಿಷವಾಗಿಲ್ಲ, ಟೀಚರಮ್ಮನ ಗಂಡನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ನಾಳೆ ನೋಡೋಣ ಎಂದುಕೊಂಡ.

ಶುಕ್ರವಾರ ಅವನು ದಿನವಿಡೀ ಪರೀಕ್ಷೆಯಲ್ಲೇ ಕಳೆದ. ಉಳಿದವರು ಮರದಡಿ ಕೂತು ಧ್ಯಾನಿಸುತ್ತಿದ್ದರೆ ಅವನು ಕೈಕಟ್ಟಿಕೊಂಡು ಕಟ್ಟಡವನ್ನು ಸುತ್ತಿದ. ಮಣ್ಣಿನ ಕೊಳವೆಗಳು ಹದಿನಾಲ್ಕಿದ್ದವು. ಬೆಳಿಗ್ಗೆ ಒಂಬತ್ತು ಕೊಳವೆಗಳಲ್ಲಿ ಕೆಸರು ನೀರು ಬರುತ್ತಿತ್ತು, ಸಂಜೆಯ ಹೊತ್ತಿಗೆ ನಾಲ್ಕರಲ್ಲಿ. ನೋಡಿದವರು ಮಳೆ ನಿಂತಿತು, ಗೋಡೆ ಒಣಗುತ್ತಿದೆ ಎನ್ನುತ್ತಾರೆ. ಮೇಸ್ತ್ರಿಗೆ ಅದು ತದ್ವಿರುದ್ಧವಾಗಿ ಕಂಡಿತು. ಒಳಗೆ ನೀರಿದೆ, ಹೊರಗೆ ಬರುವ ದಾರಿ ಮುಚ್ಚಿಕೊಳ್ಳುತ್ತಿದೆ. ಅಡುಗೆಮನೆಯ ಹಿಂದೆ ಒಂದು ಒಲೆಸಲಾಕೆ ಸಿಕ್ಕಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಅದನ್ನು ಗೋಡೆಗೆ ಒತ್ತಿ ಎಡಗಿವಿ ಹಚ್ಚಿದ. ಕೇಳಿಸಿತು. ಬಲಗಿವಿ ಹಚ್ಚಿದ. ಕೇಳಿಸಿತು. ಸಲಾಕೆ ತೆಗೆದು ಬರಿಗಾಳಿಯಲ್ಲಿ ನಿಂತ. ಆಗಲೂ ಕೇಳಿಸಿತು, ಸಣ್ಣಗೆ. ಅವನ ಧೈರ್ಯವೆಲ್ಲ ಇಳಿದುಹೋಯಿತು.

ತಿರುಗಿದರೆ ದೊಡ್ಡಮ್ಮ ನಿಂತಿದ್ದರು, ಕೈಯಲ್ಲಿ ಒಣಹಾಕಲು ತಂದ ಹೊದಿಕೆ. ಸಲಾಕೆಯನ್ನು ನೋಡಿದರು, ಅವನನ್ನು ನೋಡಿದರು. ಅವನು ಬಾಯಿ ತೆರೆದ. ದೊಡ್ಡಮ್ಮ ಕಾದರು. ಸುಮಾರು ಹೊತ್ತೇ ಕಾದರು ಎಂದು ಅವನಿಗೆ ಆಮೇಲೆ ಅನ್ನಿಸಿತು. ಅವನು ಬಾಯಿ ಮುಚ್ಚಿ, ಸಲಾಕೆಯನ್ನು ಒಲೆಯ ಪಕ್ಕ ಇಟ್ಟು ಹೊರಟುಹೋದ.

ಸಂಜೆ ಸಭಾಂಗಣದಲ್ಲಿ ಅವನೂ ಕಣ್ಣುಮುಚ್ಚಿ ಪ್ರಾರ್ಥಿಸಲು ನೋಡಿದ, ಎರಡು ವರ್ಷದಲ್ಲಿ ಮೊದಲ ಸಲ. ಕರ್ತನೇ, ಇದು ನಿಜವಾದರೆ ನನ್ನ ಕಿವಿಯದ್ದಲ್ಲ ಎಂದು ತೋರಿಸು. ಸುಳ್ಳಾದರೆ ನಿಲ್ಲಿಸು. ಉತ್ತರಕ್ಕೆ ಕಾದ. ಉತ್ತರ ಬಂದರೆ ಯಾವ ಕಿವಿಯಲ್ಲಿ ಬರುತ್ತದೆ, ಬಂದದ್ದು ಉತ್ತರವೇ ಎಂದು ಯಾರು ಹೇಳುತ್ತಾರೆ ಎಂಬ ಯೋಚನೆ ಹೊಕ್ಕಿತು. ಇಲ್ಲಿ ಕೂತವರೆಲ್ಲ ಹೀಗೆಯೇ ತಮಗೆ ಕೇಳಿದ್ದನ್ನು ನಂಬಿ ಕೂತಿದ್ದಾರಲ್ಲ, ಇವರ ಮುಖ ಹೇಗೆ ಇಷ್ಟು ಶಾಂತವಾಗಿದೆ? ಗೋಡೆಯ ಹಿಂದೆ ಕಲ್ಲೊಂದು ಮಗುಚಿಕೊಂಡಿತು. ಯಾರೂ ಕಣ್ಣು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಅಡುಗೆಯಾತ ಖಾಲಿ ಕೊಡ ಹಿಡಿದು ಅಂಗಳದಲ್ಲಿ ನಿಂತಿದ್ದ. ಇಡೀ ಧ್ಯಾನಮನೆಗೆ ನೀರು ಕೊಡುತ್ತಿದ್ದ ಒರತೆ ನಿಂತುಹೋಗಿತ್ತು. ಮೂರು ವಾರ ಮಳೆ ಸುರಿದ ಬೆಟ್ಟದಲ್ಲಿ ಒರತೆ ಬತ್ತಿದೆ. ಮೇಸ್ತ್ರಿ ನೇರ ಗೋಡೆಯ ಹತ್ತಿರ ಓಡಿದ. ಹದಿನಾಲ್ಕು ಕೊಳವೆಗಳೂ ಒಣಗಿದ್ದವು. ಸಭಾಂಗಣದ ಬಾಗಿಲು ತಳ್ಳಿದ. ನಿನ್ನೆ ಒಂದು ಬೆರಳಿಗೆ ತೆರೆದುಕೊಳ್ಳುತ್ತಿದ್ದ ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಯಿತು. ಒಳಗೆ ಹೆಂಡತಿ, ದಂತವೈದ್ಯ, ಉಳಿದವರು ಆಗಲೇ ಕೂತಿದ್ದರು. ಮುಂದೆ ದೊಡ್ಡಮ್ಮ.

"ಕ್ಷಮಿಸಿ," ಎಂದ ಮೇಸ್ತ್ರಿ. ಒಂದೂವರೆ ದಿನ ಬಳಸದ ಗಂಟಲು ಒಡಕಾಗಿತ್ತು. "ಎಲ್ಲರೂ ಹೊರಗೆ ಬರಬೇಕು. ಈ ಗೋಡೆ ಹಿಂದೆ ನೀರು ತುಂಬಿದೆ."

ಇಪ್ಪತ್ತು ತಲೆಗಳು ತಿರುಗಿದವು. ಹೆಂಡತಿ ನಾಚಿಕೆಯಿಂದ ಕೆಂಪಾದಳು. ದಂತವೈದ್ಯ ತುಟಿಯ ಮೇಲೆ ಬೆರಳಿಟ್ಟ, ಮಕ್ಕಳಿಗೆ ಇಡುವ ಹಾಗೆ.

ದೊಡ್ಡಮ್ಮ ಎದ್ದು ಬಂದರು. "ಹೇಳಿ," ಎಂದರು. ದೊಡ್ಡಮ್ಮನೇ ಮೌನ ಮುರಿದದ್ದು ಕಂಡು ದಂತವೈದ್ಯನ ಬೆರಳು ಕೆಳಗಿಳಿಯಿತು.

ಮೇಸ್ತ್ರಿ ಹೇಳಿದ. ತನ್ನ ಕೆಲಸ ಏನಾಗಿತ್ತು, ಕೊಳವೆ ಎಷ್ಟಿತ್ತು, ಎಷ್ಟು ಒಣಗಿತು, ಒರತೆ ಎಲ್ಲಿಗೆ ಹೋಯಿತು, ಗೋಡೆ ಒತ್ತಿ ಬಾಗಿಲು ಹೇಗೆ ಬಿಗಿಯಾಯಿತು, ಎಲ್ಲ, ಯಾವತ್ತಿನಿಂದ ಕೇಳಿಸುತ್ತಿದೆ ಎಂಬುದೊಂದನ್ನು ಬಿಟ್ಟು.

"ಈ ಗೋಡೆ ನಾನು ಬಂದಾಗಿಂದ ಬೆವರ್ತಾನೇ ಇದೆಯಪ್ಪ," ಎಂದರು ದೊಡ್ಡಮ್ಮ.

"ಬೆವರಿದಾಗ ಭಯ ಇರ್ಲಿಲ್ಲ ದೊಡ್ಡಮ್ಮ. ಈಗ ಬೆವರು ನಿಂತಿದೆ."

"ನಿಮಗೆ ಖಂಡಿತ ಕೇಳಿಸ್ತಿದೆಯಾ?" ಎಂದು ಕೇಳಿದಳು ಹೆಂಡತಿ. ಟೀಚರಮ್ಮನ ದನಿಯಲ್ಲ, ಬೇಡುವ ದನಿ.

ಅವನು ಅವಳ ಮುಖ ನೋಡಿದ. ಸುಳ್ಳು ಹೇಳಿದ್ದರೆ ಎಲ್ಲರೂ ಎದ್ದು ಬರುತ್ತಿದ್ದರೇನೋ. "ಖಂಡಿತ ಇಲ್ಲ," ಎಂದ. "ನನ್ನ ಬಲಗಿವಿ ಹಾಳಾಗಿ ಎರಡು ವರ್ಷ ಆಯ್ತು. ನಿಂಗೆ ಹೇಳಿರ್ಲಿಲ್ಲ. ಸದಾ ಏನೋ ಸದ್ದು ಬರುತ್ತೆ ಅದ್ರಲ್ಲಿ. ಪೇಟೆಬೀದೀಲಿ ತಪ್ಪಾಗಿದ್ದು ಅದಕ್ಕೇ. ಇದೂ ತಪ್ಪಿರಬಹುದು. ಆದ್ರೆ ನಾನಿಲ್ಲಿ ಕೂರಲ್ಲ, ನಿನ್ನನ್ನೂ ಕೂರೋದಕ್ಕೆ ಬಿಡಲ್ಲ."

ಹೆಂಡತಿ ಎದ್ದಳು. ಕುರ್ಚಿಯ ಮೇಲಿದ್ದ ಶಾಲು ತೆಗೆದುಕೊಂಡು ಅವನ ಪಕ್ಕ ಬಂದು ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು, ಕೆಲವರು ಹೆದರಿ, ಕೆಲವರು ಗೊಣಗಿಕೊಂಡು.

ದೊಡ್ಡಮ್ಮ ಕಚೇರಿಗೆ ಹೋಗಿ ರಸ್ತೆ ಇಲಾಖೆಗೆ ಫೋನು ಹಚ್ಚಿದರು. ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. "ಇವತ್ತು ರಜೆ," ಎಂದು ನೆನಪಿಸಿಕೊಂಡು ಇಟ್ಟರು. "ನಿನ್ನೆಯಾಗಿದ್ರೆ ಎಂಜಿನಿಯರ್ ಇರ್ತಿದ್ರು." ಅದನ್ನು ಅವರು ಯಾರನ್ನೂ ಆಕ್ಷೇಪಿಸಿ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಮಾತ್ರ ಅಲ್ಲಿ ನಿಲ್ಲಲಾರದೆ ಹೊದಿಕೆಗಳನ್ನು ಕಟ್ಟಲು ಹೋದ.

ರಸ್ತೆಯಲ್ಲಿ ಒಂದು ಮೈಲಿ ಕೆಳಗೆ ಹಾಳುಬಿದ್ದ ಮರದ ಮಿಲ್ಲಿನ ಶೆಡ್ಡಿತ್ತು. ಹೊದಿಕೆ, ಬ್ರೆಡ್ಡು, ಸೂಪಿನ ಪಾತ್ರೆ ಹೊತ್ತುಕೊಂಡು ಎಲ್ಲರೂ ಅಲ್ಲಿಗೆ ಇಳಿದರು. ದೊಡ್ಡಮ್ಮ ಬರಲಿಲ್ಲ. ಗೇಟಿನವರೆಗೆ ಬಂದು ನಿಂತರು.

"ನೀವೂ ಬನ್ನಿ," ಎಂದ ಮೇಸ್ತ್ರಿ.

"ನಿಮಗೆ ಕೇಳಿಸಿದೆ, ನೀವು ಹೋಗಿ. ಅವರನ್ನೂ ಕರ್ಕೊಂಡು ಹೋಗಿ. ನಾನೂ ಕೇಳ್ದೆ, ನಲವತ್ತು ವರ್ಷದಿಂದ ಕೇಳೋ ಜಾಗದಲ್ಲೇ ಕೂತು ಕೇಳ್ದೆ. ಹೋಗು ಅಂತ ನಂಗೆ ಯಾರೂ ಹೇಳ್ಲಿಲ್ಲ."

"ನಾನು ಹೇಳ್ತಿದೀನಲ್ಲ."

ದೊಡ್ಡಮ್ಮ ನಕ್ಕರು. ಆ ನಗುವಿನಲ್ಲಿ ಮೊಂಡುತನವಿರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು. "ಹೂಂ, ನೀವು ಹೇಳ್ತಿದೀರಿ," ಎಂದರು, ಗೇಟು ಹಾಕಿಕೊಂಡರು.

ಶೆಡ್ಡಿನಲ್ಲಿ ಕೂತು ಅವರು ಬೆಟ್ಟ ನೋಡಿದರು. ಬೆಟ್ಟ ಕದಲಲಿಲ್ಲ. ಮಧ್ಯಾಹ್ನವಾಯಿತು, ಬಿಸಿಲು ಇನ್ನಷ್ಟು ಚೆನ್ನಾಗಿ ಬಿತ್ತು. ಹಕ್ಕಿಗಳು ಕೂಗಿದವು. ಮೂರು ಗಂಟೆಯ ಹೊತ್ತಿಗೆ ದಂತವೈದ್ಯ ಕೈಗಡಿಯಾರ ನೋಡಿಕೊಳ್ಳತೊಡಗಿದ. ನಾಲ್ಕಕ್ಕೆ ಚಳಿ ಶುರುವಾಯಿತು, ಶೆಡ್ಡಿನ ಒಡೆದ ಗೋಡೆಗಳಿಂದ ಗಾಳಿ ನುಗ್ಗಿತು. ಒಬ್ಬಾಕೆಗೆ ಕೆಮ್ಮು ಹತ್ತಿತು.

"ನೋಡಿ ಮೇಸ್ತ್ರಿ, ತಪ್ಪು ತಿಳ್ಕೋಬೇಡಿ," ಎಂದ ದಂತವೈದ್ಯ. "ನಾವು ನಂಬಿಕೆ ಗಟ್ಟಿ ಮಾಡ್ಕೊಳ್ಳೋಕೆ ಬಂದವರು. ಗೋಡೆಗೆ ಹೆದರಿ ಶೆಡ್ಡಲ್ಲಿ ಕೂತಿದೀವಿ. ಆ ಮುದುಕಿ ಒಬ್ರೇ ಮೇಲಿದಾರೆ. ಯಾರಿಗೆ ನಾಚಿಕೆ?"

"ನಾಳೆ ವ್ಯಾನು ಬರೋವರೆಗೆ ಇರಿ."

"ನಿಮಗೇ ಖಂಡಿತ ಇಲ್ಲ ಅಂದ್ರಲ್ಲ?"

ಎಂಟು ಜನ ದಂತವೈದ್ಯನ ಹಿಂದೆ ಹೊರಟರು. ಮೇಸ್ತ್ರಿಯ ಹೆಂಡತಿ ರಸ್ತೆಗೆ ಅಡ್ಡ ನಿಂತು, ಶಾಲೆಯ ಮಕ್ಕಳನ್ನು ತಡೆಯುವ ಹಾಗೆ ಕೈ ಅಗಲಿಸಿದಳು. "ಇವರು ಯಾವತ್ತೂ ಇಷ್ಟು ಮಾತಾಡಿದವರಲ್ಲ," ಎಂದಳು. "ದಯವಿಟ್ಟು ಕೇಳಿ." ಅವರು ಅವಳ ಪಕ್ಕದಿಂದ ಹಾದು, ತಲೆ ತಗ್ಗಿಸಿ, ಮೇಲಕ್ಕೆ ಹೋದರು. ಅವರ ಹೆಜ್ಜೆಯ ಸದ್ದು ತಿರುವಿನವರೆಗೂ ಕೇಳಿಸಿತು.

ಮೇಲೆ ಏನಾಯಿತೆಂಬುದು ಹೋದವರು ಆಮೇಲೆ ಹೇಳಿ ಗೊತ್ತಾದದ್ದು. ದೊಡ್ಡಮ್ಮ ಅವರನ್ನು ಕಂಡು ಸಂತೋಷಪಡಲಿಲ್ಲವಂತೆ. ಬಿಸಿ ಸೂಪು ಕೊಟ್ಟು, ಸಂಜೆಯ ಪ್ರಾರ್ಥನೆಯನ್ನು ಗೇಟಿನ ಪಕ್ಕದ ಕಚೇರಿಯಲ್ಲೇ ಮುಗಿಸಿದರಂತೆ. ಮಲಗುವ ಸಾಲಿಗೆ ಬೀಗ ಹಾಕಿ, ಒಂಬತ್ತು ಜನರನ್ನೂ ಬಂಡೆಯ ಮೇಲಿನ ಆ ಮೂರು ಕೋಣೆಗಳಲ್ಲಿ ತುರುಕಿದರಂತೆ. ದಂತವೈದ್ಯ, "ಇದೇನು ದೊಡ್ಡಮ್ಮ, ನೀವೂ ಆತನ ಮಾತು ನಂಬಿದ್ರಾ?" ಎಂದು ಕೇಳಿದ್ದಕ್ಕೆ, "ನಿಮ್ಮ ವಿಷಯದಲ್ಲಿ ನಂಬಿದೀನಿ," ಎಂದರಂತೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಶೆಡ್ಡಿನಲ್ಲಿದ್ದವರಿಗೆ ಮೇಲಿನ ಗಂಟೆ ಕೇಳಿಸಿತು. ನಲವತ್ತು ವರ್ಷದಿಂದ ದೊಡ್ಡಮ್ಮನೇ ಅದನ್ನು ಹೊಡೆದು, ಸಭಾಂಗಣದಲ್ಲಿ ಒಬ್ಬರೇ ಕೂತು ದಿನ ಶುರು ಮಾಡುತ್ತಿದ್ದರು. "ಏನೂ ಆಗಿಲ್ಲ," ಎಂದು ಯಾರೋ ನಿಟ್ಟುಸಿರುಬಿಟ್ಟರು. ಮೇಸ್ತ್ರಿಗೂ ಮೈ ಸಡಿಲವಾಯಿತು. ತಾನು ತಪ್ಪಿದ್ದೇನೆ, ಮತ್ತೆ ನಗೆಪಾಟಲಾಗಿದ್ದೇನೆ ಎಂದು ಅವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಹೊರಟ.

ಸದ್ದು ಗುಡುಗಿನ ಹಾಗಿರಲಿಲ್ಲ. ತುಂಬಿದ ಬೀರುವನ್ನು ಕಲ್ಲುನೆಲದ ಮೇಲೆ ಎಳೆದ ಹಾಗೆ ಉದ್ದಕ್ಕೆ ಬಂತು, ನಿಂತಿತು. ಮರ ಮುರಿಯುವ ಚಟಪಟ. ಆಮೇಲೆ ಹಕ್ಕಿಯಿಲ್ಲ, ಗಾಳಿಯಿಲ್ಲ. ರಸ್ತೆಯ ಪಕ್ಕದ ಚರಂಡಿಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಕೆಂಪು ನೀರು ಇಳಿದು ಬಂತು.

ಅವರು ಓಡಿ ಮೇಲೆ ಹೋದಾಗ ಸಭಾಂಗಣವಿದ್ದ ಜಾಗದಲ್ಲಿ ಗುಡ್ಡವಿತ್ತು. ಮಲಗುವ ಸಾಲು ಅರ್ಧ ಮುರಿದು ವಾಲಿತ್ತು. ಗೇಟಿನ ಬಳಿ ಒಂಬತ್ತು ಜನ ರಾತ್ರಿಯ ಬಟ್ಟೆಯಲ್ಲೇ ನಿಂತಿದ್ದರು. ದಂತವೈದ್ಯನ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಅವನು ಮೇಸ್ತ್ರಿಯನ್ನು ನೋಡಿ, "ಗಂಟೆ ಹೊಡೆದು ಒಳಗೆ ಹೋದ್ರು. ನಮ್ಮನ್ನ ಕರೀಲಿಲ್ಲ," ಎಂದ. ಅದನ್ನೇ ಮತ್ತೆ ಮತ್ತೆ ಹೇಳಿದ.

ರಕ್ಷಣಾ ದಳದವರು ಬಂದು ಎರಡು ದಿನ ತೋಡಿದರು. ದೊಡ್ಡಮ್ಮ ಸಿಕ್ಕಿದ್ದು ಮಂಗಳವಾರ. ಮೊದಲ ಸಾಲಿನ ಕುರ್ಚಿಯ ಹತ್ತಿರವೇ ಇದ್ದರು.

ಊರಿನಲ್ಲಿ ಮೇಸ್ತ್ರಿ ಎರಡೇ ವಾರದಲ್ಲಿ ದೊಡ್ಡ ಮನುಷ್ಯನಾದ. ಸಭೆಯ ಪಾಸ್ಟರು ಅವನನ್ನು ಮುಂದೆ ಕರೆದು ಸಾಕ್ಷಿ ಹೇಳಿಸಲು ನೋಡಿದರು. ದಂತವೈದ್ಯ ಎಲ್ಲರೆದುರು ಎದ್ದು, ಈ ಮನುಷ್ಯನ ಕಿವಿಯಲ್ಲಿ ದೇವರು ಮಾತಾಡಿದ ಎಂದು ಕಣ್ಣೀರಿಟ್ಟ. ಕಚೇರಿಯ ಎಂಜಿನಿಯರು ಬಂದು ಕೈಕುಲುಕಿದ. ಪಕ್ಕದ ಬೀದಿಯ ಹೆಂಗಸೊಬ್ಬಳು, ಮನೆಯಲ್ಲಿ ಏನೋ ಸರಿಯಿಲ್ಲ, ಒಂದು ಸಲ ಬಂದು ಗೋಡೆಗೆ ಕಿವಿಯಿಟ್ಟು ನೋಡಿ ಎಂದು ಬಾಗಿಲಿಗೆ ಬಂದಳು. ಅವಳ ಮಗನಿಗೆ ಹುಷಾರಿರಲಿಲ್ಲ. ಮೇಸ್ತ್ರಿ ಒಳಕೋಣೆಯಿಂದ ಹೊರಗೇ ಬರಲಿಲ್ಲ, ಹೆಂಡತಿ ಏನೋ ಸಬೂಬು ಹೇಳಿ ಕಳಿಸಿದಳು.

ಅವನನ್ನು ಒಂದೇ ಪ್ರಶ್ನೆ ಅಟ್ಟಿಸಿಕೊಂಡು ಬರುತ್ತಿತ್ತು. ಮಾತಾಡಿದ್ದು ದೇವರೇ ಆದರೆ, ಕರೆದರೂ ಬಾರದ ನನ್ನಂಥವನ ಹಾಳು ಕಿವಿಗೆ ಏಕೆ ಹೇಳಿದ? ನಲವತ್ತು ವರ್ಷ ಅದೇ ಗೋಡೆಯ ಮುಂದೆ ಕಿವಿಗೊಟ್ಟು ಕೂತ ಹೆಂಗಸಿಗೆ ಏಕೆ ಹೇಳಲಿಲ್ಲ? ದೇವರಲ್ಲ, ಬರೀ ನೀರು ಎಂದುಕೊಂಡರೆ ಇನ್ನೂ ಕಷ್ಟ. ಆಗ ಬಾಯಿ ಮುಚ್ಚಿಕೊಂಡಿದ್ದ ಆ ಒಂದೂವರೆ ದಿನದ ಹೊಣೆ ಪೂರ್ತಿ ಅವನೊಬ್ಬನದೇ ಆಗುತ್ತಿತ್ತು.

ಒಂದು ತಿಂಗಳ ಮೇಲೆ ದೊಡ್ಡಮ್ಮನ ತಮ್ಮ ಮನೆಗೆ ಬಂದ. ಅರವತ್ತೈದರ ಆಸುಪಾಸಿನ ಗಡಿಯಾರ ರಿಪೇರಿಯವನು. ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಒಂದು ಕಣ್ಣು ಸದಾ ಕಿರಿದಾಗಿತ್ತು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಶನಿವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ಲು," ಎಂದ. "ಇಲ್ಲೊಬ್ಬರಿಗೆ ನೀರು ಕೇಳಿಸ್ತಿದೆಯಂತೆ ಅಂದ್ಲು. ಹೊರಗೆ ಬಾ ಮಾರಾಯ್ತಿ ಅಂದೆ. ಆತ ನಿಜ ಹೇಳೋ ಮನುಷ್ಯ ಕಣೋ, ಆದ್ರೆ ಏನೋ ಒಂದು ಬಾಕಿ ಇಟ್ಕೊಂಡು ಹೇಳ್ತಿದಾನೆ ಅಂದ್ಲು. ಏನದು?"

ಹೆಂಡತಿ ಗಂಡನ ಕಡೆ ನೋಡಿದಳು. ಅವಳಿಗೂ ಅದು ಗೊತ್ತಿರಲಿಲ್ಲ.

"ನಂಗೆ ಶನಿವಾರ ಕೇಳಿಸಿದ್ದಲ್ಲ," ಎಂದ ಮೇಸ್ತ್ರಿ. "ಗುರುವಾರ ಸಂಜೇನೇ ಕೇಳಿಸ್ತು. ಶುಕ್ರವಾರ ನಿಮ್ಮಕ್ಕ ನನ್ನೆದುರಿಗೆ ನಿಂತು ಕಾದ್ರು. ಆಗ್ಲೂ ಹೇಳ್ಲಿಲ್ಲ. ಜನ ನಗ್ತಾರೆ ಅಂತ. ಅವತ್ತು ಹೇಳಿದ್ರೆ ರಸ್ತೆ ಇಲಾಖೆ ಎಂಜಿನಿಯರ್ ಬಂದು ನೋಡ್ತಿದ್ದ. ಅವನು ಸಭಾಂಗಣಕ್ಕೆ ಬೀಗ ಹಾಕಿಸ್ತಿದ್ದ."

ಚಹಾದ ಮೇಲೆ ಕೆನೆ ಕಟ್ಟಿತು. ತಮ್ಮ ಬೈದಿದ್ದರೆ ಮೇಸ್ತ್ರಿಗೆ ಹಗುರಾಗುತ್ತಿತ್ತು.

"ಬೀಗ ಹಾಕಿದ್ರೆ ಅಕ್ಕ ಹೋಗ್ತಿರ್ಲಿಲ್ಲ," ಎಂದ ಕೊನೆಗೆ. "ಬೀಗ ಮುರಿಯೋ ಪೈಕಿ ಅಲ್ಲ ಅವಳು." ಮೇಸ್ತ್ರಿಯನ್ನು ಸಮಾಧಾನಪಡಿಸುವ ಮಾತಲ್ಲ, ನೋಯಿಸುವುದಕ್ಕೆ ಆಡಿದ ಮಾತೂ ಅಲ್ಲ. ಬಿಚ್ಚಿದ ಗಡಿಯಾರದಲ್ಲಿ ಯಾವ ಹಲ್ಲು ಮುರಿದಿದೆ ಎಂದು ನೋಡಿ ಹೇಳಿದಂತಿತ್ತು. ಎದ್ದು ನಿಂತು ಟೋಪಿ ಹಾಕಿಕೊಂಡ. ಬಾಗಿಲಲ್ಲಿ ತಿರುಗಿ, "ಈಗ್ಲೂ ಪ್ರಾರ್ಥನೆ ಮಾಡ್ತೀರಾ?" ಎಂದು ಕೇಳಿದ.

"ಮಾಡ್ತೀನಿ. ಮೊದಲು ಮಾಡ್ತಿರ್ಲಿಲ್ಲ. ಈಗ ದಿನಾ ಮಾಡ್ತೀನಿ," ಎಂದ ಮೇಸ್ತ್ರಿ. "ಆದ್ರೆ ಹೇಳಿ ಮುಗಿದ ತಕ್ಷಣ ಎದ್ದುಬಿಡ್ತೀನಿ. ಆಮೇಲೆ ಸುಮ್ನೆ ಕೂರೋಕೆ ಭಯ ಆಗುತ್ತೆ."

ಗಡಿಯಾರದವನು ತಲೆಯಾಡಿಸಿ ಮೆಟ್ಟಿಲಿಳಿದ. ಹೆಂಡತಿ ಬಾಗಿಲು ಹಾಕಲಿಲ್ಲ. ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಳು. ಗುರುವಾರದ ಬಗ್ಗೆ ಅವಳು ಏನಾದರೂ ಕೇಳುತ್ತಾಳೆಂದು ಅವನು ಕಾದ. ಅವಳು ಕೇಳಲಿಲ್ಲ. ತಣ್ಣಗಾದ ಚಹಾದ ಲೋಟವನ್ನು ತನ್ನ ಕಡೆಗೆಳೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ ಕೂತಳು. ಬೀದಿಯಲ್ಲಿ ಗಡಿಯಾರದವನ ಹೆಜ್ಜೆಗಳು ದೂರವಾಗುತ್ತ ಹೋದವು.